ತೊಟ್ಟಿಯ ಬಳಿ ಮರಸು: ಪ್ರಾಂಗ್‌ಹಾರ್ನ್‌ಗೆ ಮೊದಲ ಬಿಲ್ಲುಬೇಟೆ ಹೇಗೆ?

ಡೆನ್ವರ್‌ನಲ್ಲಿ ನೆಲೆಸಿದ ಮೇಲೆ ಬಿಲ್ಲು ಕಲಿತವನು ನಾನು. ಈವರೆಗೆ ಏಳು ಮಂದಿ ಹೊಸಬರನ್ನು ಪಕ್ಕದ ವಯೋಮಿಂಗ್ ರಾಜ್ಯಕ್ಕೆ, ಜಿಂಕೆಯಂತೆ ಕಾಣುವ ಪ್ರಾಂಗ್‌ಹಾರ್ನ್‌ನ ಬೇಟೆಗೆ ಕರೆದೊಯ್ದಿದ್ದೇನೆ. ಐವರು ಬರಿಗೈಯಲ್ಲಿ ಮರಳಿದರು. ಅವರಲ್ಲಿ ಗುರಿ ತಪ್ಪಿದವನು ಒಬ್ಬನೇ. ಉಳಿದವರು ಬಾಣ ಹೂಡುವ ಮೊದಲೇ ಸೋತಿದ್ದರು. ಒಬ್ಬ ಮಧ್ಯಾಹ್ನ ಊಟಕ್ಕೆಂದು ಎದ್ದು ಹೋದ, ಒಬ್ಬ ಗಾಳಿ ಬೇಕೆಂದು ಅಡಗಿ ಕೂರುವ ಗುಡಾರದ ಎಲ್ಲ ಕಿಟಕಿಗಳನ್ನೂ ತೆರೆದು ಕುಳಿತ, ಇನ್ನಿಬ್ಬರು ಗಂಟೆಗೊಮ್ಮೆ ಜಾಗ ಬದಲಿಸಿದರು.

ಅಮೆರಿಕನ್ನರು ಪ್ರಾಂಗ್‌ಹಾರ್ನನ್ನು ಆ್ಯಂಟಿಲೋಪ್ ಎಂದೇ ಕರೆಯುತ್ತಾರೆ. ಆದರೆ ಇದು ನಮ್ಮ ಕೃಷ್ಣಮೃಗದ ಕುಲವಲ್ಲ. ಬದುಕಿರುವ ಹತ್ತಿರದ ಬಂಧುಗಳು ಜಿರಾಫೆ ಮತ್ತು ಒಕಾಪಿ. ಗಂಟೆಗೆ 85 ಕಿಲೋಮೀಟರ್ ಓಡಬಲ್ಲ, ತಲೆಯ ಎರಡೂ ಪಕ್ಕದಲ್ಲಿ ಉಬ್ಬಿದ ಕಣ್ಣುಗಳಿರುವ, ಬಯಲಲ್ಲೇ ಬದುಕುವ ಪ್ರಾಣಿ. ರಾಣೆಬೆನ್ನೂರಿನ ಕೃಷ್ಣಮೃಗಕ್ಕೆ ಬಿಲ್ಲೆತ್ತಿದರೆ 1972ರ ವನ್ಯಜೀವಿ ಕಾಯ್ದೆ ಜೈಲಿಗೆ ಕಳಿಸುತ್ತದೆ. ವಯೋಮಿಂಗ್‌ನಲ್ಲಿ ಎಷ್ಟು ಪ್ರಾಣಿಗಳನ್ನು ಬೇಟೆಯಾಡಬಹುದು ಎಂಬುದನ್ನು ಪ್ರತಿ ವರ್ಷ ಸರ್ಕಾರವೇ ಲೆಕ್ಕ ಹಾಕಿ ಪರವಾನಗಿ ಕೊಡುತ್ತದೆ.

1. ಪರವಾನಗಿ

ಹೊರರಾಜ್ಯದವರ ಅರ್ಜಿ ಜನವರಿಯಲ್ಲಿ ಆರಂಭವಾಗಿ ಜೂನ್ ಮೊದಲ ದಿನಗಳಲ್ಲಿ ಮುಗಿಯುತ್ತದೆ. ಆಮೇಲೆ ಲಾಟರಿ. ಬಿಲ್ಲಿನ ಋತು ಬಹುತೇಕ ಕಡೆ ಆಗಸ್ಟ್ ಮಧ್ಯದಲ್ಲಿ ಶುರುವಾಗುತ್ತದೆ. ಆ ಋತುವಿಗೆ ಬೇಟೆಯ ಪರವಾನಗಿಯ ಜತೆಗೆ ಬಿಲ್ಲುಗಾರಿಕೆಯ ಪ್ರತ್ಯೇಕ ಪರವಾನಗಿಯೂ ಬೇಕು. 1966ರಲ್ಲಿ ಅಥವಾ ಆಮೇಲೆ ಹುಟ್ಟಿದವರು ಬೇಟೆ ಸುರಕ್ಷತಾ ತರಬೇತಿ ಮುಗಿಸಿರಬೇಕು. 2022-23ರ ಕಡು ಚಳಿಗಾಲದಲ್ಲಿ ಪಶ್ಚಿಮ ಭಾಗದ ಹಿಂಡುಗಳು ಬಹಳವಾಗಿ ಸತ್ತು ಪರವಾನಗಿಗಳ ಸಂಖ್ಯೆಯನ್ನೇ ಕಡಿಮೆ ಮಾಡಿದರು, ಆದ್ದರಿಂದ ಗೆಳೆಯರ ಹಳೆಯ ಅನುಭವವನ್ನು ನಂಬಿ ಅರ್ಜಿ ಹಾಕಬೇಡಿ.

ಒಂದು ಎಚ್ಚರಿಕೆ. ರಾಜ್ಯದ ಪೂರ್ವ ಭಾಗದಲ್ಲಿ ಕೆಲವು ವಲಯಗಳ ಪರವಾನಗಿ ಸುಲಭವಾಗಿ ಸಿಗುತ್ತದೆ. ಹಿಗ್ಗಬೇಡಿ. ಅಲ್ಲಿ ನೆಲದ ಬಹುಪಾಲು ಖಾಸಗಿಯವರದು, ಮಾಲೀಕರ ಅನುಮತಿಯಿಲ್ಲದೆ ಬೇಲಿ ದಾಟುವಂತಿಲ್ಲ. ಮೊದಲು ನಕ್ಷೆ ನೋಡಿ, ಸಾರ್ವಜನಿಕ ಭೂಮಿ ಎಷ್ಟಿದೆ ಎಂದು ತಿಳಿದುಕೊಂಡು ಆಮೇಲೆ ವಲಯ ಆರಿಸಿ.

2. ಬಿಲ್ಲು

ಕಾನೂನು ಕೇಳುವುದು ಕನಿಷ್ಠ 40 ಪೌಂಡ್ ಸೆಳೆತ, ಅಂದರೆ ಹೆದೆ ಎಳೆಯಲು ಬೇಕಾದ ಬಲ. ನನ್ನ ಲೆಕ್ಕದಲ್ಲಿ 50 ಸಾಕು. ಕಷ್ಟಪಟ್ಟು ಎಳೆಯುವ 70ಕ್ಕಿಂತ ಸದ್ದಿಲ್ಲದೆ ಎಳೆಯುವ 50 ಎಷ್ಟೋ ಮೇಲು. ಬಾಣದ ಮೊನೆ ಗಟ್ಟಿ ಅಲಗಿನದೇ ಇರಲಿ. ಪ್ರಾಣಿಗೆ ತಾಗಿದಾಗ ಅಲಗು ಬಿಚ್ಚಿಕೊಳ್ಳುವ ಅಗ್ಗದ ಮೊನೆಗಳ ಪೊಟ್ಟಣವೊಂದನ್ನು ನಾನೂ ಕೊಂಡಿದ್ದೆ. ಮೂರರಲ್ಲಿ ಎರಡು ಬತ್ತಳಿಕೆಯಲ್ಲೇ ಬಿಚ್ಚಿಕೊಂಡಿದ್ದವು.

3. ನೀರು ಹುಡುಕುವುದು

ಹುಡುಕಬೇಕಾದದ್ದು ಪ್ರಾಂಗ್‌ಹಾರ್ನ್ ಕುಡಿಯಲು ಬರುವ ಜಾಗ: ದನಗಳಿಗೆಂದು ಇಟ್ಟ ತೊಟ್ಟಿ, ಗಾಳಿಯಂತ್ರದ ಕೆಳಗಿನ ಕೊಳ. ಸುತ್ತಲ ಕೆಸರಿನಲ್ಲಿ ತಾಜಾ ಗೊರಸಿನ ಗುರುತು ಇರಬೇಕು. ಪ್ರಾಂಗ್‌ಹಾರ್ನ್ ಬೇಲಿಯನ್ನು ಹಾರುವುದು ಅಪರೂಪ, ಕೆಳಗಿನಿಂದ ನುಸುಳುತ್ತದೆ. ಕೆಳತಂತಿಗೆ ರೋಮ ಸಿಕ್ಕಿದ್ದರೆ ಅದೇ ಅದರ ದಾರಿ. ಹತ್ತಿರದಲ್ಲಿ ಇನ್ನೂ ನಾಲ್ಕು ನೀರಿನ ನೆಲೆಗಳಿದ್ದರೆ ಆ ಜಾಗ ಬಿಡಿ. ಮಳೆ ಬಂದರೆ ಎಲ್ಲ ಗುಂಡಿಗಳಲ್ಲೂ ನೀರು ನಿಂತು ನಿಮ್ಮ ತೊಟ್ಟಿ ಯಾರಿಗೂ ಬೇಡವಾಗುತ್ತದೆ.

4. ಮರಸು ಕೂರುವುದು

ಮಲೆನಾಡಿನಲ್ಲಿ ನಮ್ಮ ಅಜ್ಜ 'ಮರಸು' ಎನ್ನುತ್ತಿದ್ದರು: ಪ್ರಾಣಿಯ ಹಿಂದೆ ಹೋಗದೆ ಅದು ಬರುವ ಕಡೆ ಅಡಗಿ ಕೂರುವುದು. ಇಲ್ಲಿ ಅದಕ್ಕೆ 'ಬ್ಲೈಂಡ್' ಎಂಬ ಬಟ್ಟೆಯ ಗುಡಾರವಿದೆ. ಎಲ್ಲರೂ ಕೆಡಿಸಿಕೊಳ್ಳುವುದು ಇದನ್ನೇ.

ಗುಡಾರವನ್ನು ನೀರಿನಿಂದ 20ರಿಂದ 25 ಗಜ ದೂರದಲ್ಲಿ, ಬೇಟೆಗೆ ಕೆಲವು ದಿನ ಮೊದಲೇ ನಿಲ್ಲಿಸಿ. ಬೋಳು ಬಯಲಿನಲ್ಲಿ ರಾತ್ರೋರಾತ್ರಿ ಎದ್ದ ಪೆಟ್ಟಿಗೆಯನ್ನು ಪ್ರಾಂಗ್‌ಹಾರ್ನ್ ನಂಬುವುದಿಲ್ಲ. ಮುಂಜಾನೆಯ ಸೂರ್ಯ ನಿಮ್ಮ ಬೆನ್ನಿಗಿರಲಿ, ಕಿಟಕಿಯೊಳಕ್ಕೆ ಬಿಸಿಲು ಬೀಳಬಾರದು. ನಾಲ್ಕೂ ಮೂಲೆಗೆ ಹಗ್ಗ ಬಿಗಿಯಿರಿ, ವಯೋಮಿಂಗ್‌ನ ಗಾಳಿ ಎರಡು ಗೂಟಗಳಿಗೆ ಬಗ್ಗುವುದಿಲ್ಲ. ಗಾಳಿಗಿಂತಲೂ ದನಗಳ ಕಾಟ ಹೆಚ್ಚು: ಮೈ ಉಜ್ಜಲು ಹೊಸ ಕಂಬ ಸಿಕ್ಕಿತೆಂದು ನನ್ನ ಒಂದು ಗುಡಾರವನ್ನು ಒಂದೇ ರಾತ್ರಿಯಲ್ಲಿ ಚಾಪೆ ಮಾಡಿದ್ದವು.

ಒಳಗೆ ಕಪ್ಪು ಅಂಗಿ, ಕಪ್ಪು ಟೋಪಿ, ಕೈಗೂ ಕಪ್ಪು. ಸಾವಿರಾರು ರೂಪಾಯಿಯ ಎಲೆಚಿತ್ತಾರದ ಉಡುಪು ಇಲ್ಲಿ ದಂಡ. ಗುಡಾರದ ಒಳಗೋಡೆ ಕಪ್ಪು, ನೀವು ಅದರಲ್ಲಿ ಕರಗಬೇಕು. ನೀರಿನ ಕಡೆಗೆ ಒಂದೇ ಕಿಟಕಿ ತೆರೆಯಿರಿ. ಎದುರುಬದುರು ಎರಡು ತೆರೆದರೆ ಹಿಂದಿನ ಬೆಳಕಿನಲ್ಲಿ ನಿಮ್ಮ ತಲೆ ಗೊಂಬೆಯಾಟದ ನೆರಳಿನಂತೆ ಕಾಣುತ್ತದೆ.

ಇನ್ನೊಂದನ್ನು ಅಂಗಡಿಯವರು ಹೇಳುವುದಿಲ್ಲ. ನಿಮ್ಮ ಕಣ್ಣಿನ ಗೆರೆ ಬಾಣಕ್ಕಿಂತ ಸುಮಾರು ನಾಲ್ಕು ಇಂಚು ಮೇಲಿರುತ್ತದೆ. ಕಣ್ಣಿಗೆ ಕಿಟಕಿ ಖಾಲಿಯಾಗಿ ಕಂಡರೂ ಬಾಣ ಕೆಳ ಅಂಚಿನ ಬಟ್ಟೆಗೆ ಹೊಡೆಯಬಹುದು. ನಮ್ಮಲ್ಲಿ ಗುರಿ ತಪ್ಪಿದವನದು ಇದೇ ಕಥೆ. ಗುಡಾರಕ್ಕೆ ತೂತು, ಪ್ರಾಣಿ ದಿಗಂತದಲ್ಲಿ. ಆದ್ದರಿಂದ ಮನೆಯ ಹಿತ್ತಿಲಿನಲ್ಲೇ ಅದೇ ಗುಡಾರದಲ್ಲಿ, ಅದೇ ಸ್ಟೂಲಿನ ಮೇಲೆ ಕುಳಿತು ಒಂದು ತಿಂಗಳು ಅಭ್ಯಾಸ ಮಾಡಿ. ಬಿಲ್ಲಿನ ಕೆಳತುದಿ ಸ್ಟೂಲಿಗೋ ಮಂಡಿಗೋ ತಾಗುತ್ತದೆಯೇ ಎಂಬುದೂ ಆಗಲೇ ತಿಳಿಯುತ್ತದೆ.

ಬೆಳಕು ಹರಿಯುವ ಮೊದಲು ಒಳಗೆ, ಕತ್ತಲಾಗುವಾಗ ಹೊರಗೆ. ನಡುವೆ ಏಳುವಂತಿಲ್ಲ. ಬಿಸಿಲು ಏರಿದಷ್ಟೂ ಬಾಯಾರಿಕೆ. ಹೊಸಬರು ಊಟಕ್ಕೆ ಏಳುವ ಹೊತ್ತೇ ಪ್ರಾಂಗ್‌ಹಾರ್ನ್ ನೀರಿಗೆ ಇಳಿಯುವ ಹೊತ್ತು. ಐದಾರು ಲೀಟರ್ ನೀರು, ಸದ್ದು ಮಾಡದ ಚಪಾತಿ, ಮೂತ್ರಕ್ಕೆ ಅಗಲ ಬಾಯಿಯ ಬಾಟಲಿ, ಒಂದು ಪುಸ್ತಕ. ಚಿಪ್ಸ್ ಪೊಟ್ಟಣ ತಂದವರನ್ನು ನಾನು ಮತ್ತೆ ಕರೆಯುವುದಿಲ್ಲ.

5. ಬಾಣ

ನೀರಿಗೆ ಬಂದದ್ದು ಎರಡು ಮೂರು ಸಲ ಬಗ್ಗಿ ತಟ್ಟನೆ ತಲೆ ಎತ್ತಿ ನೋಡುತ್ತದೆ. ಕಾಯಿರಿ. ನಿಜವಾಗಿ ಕುಡಿಯತೊಡಗಿದ ಮೇಲೆ ಹೆದೆ ಎಳೆಯಿರಿ. ಪೂರ್ಣ ಪಕ್ಕಕ್ಕೆ ನಿಂತಿರಬೇಕು, ಗುರಿ ಮುಂಗಾಲಿನ ಹಿಂದೆ, ಎದೆಯ ಕೆಳ ಮೂರನೇ ಒಂದು ಭಾಗದಲ್ಲಿ. ದೂರ 30 ಗಜ ಮೀರಿದರೆ ಬಿಡಬೇಡಿ. ನನ್ನ ಬಾಣ ಸೆಕೆಂಡಿಗೆ ಸುಮಾರು 85 ಮೀಟರ್ ಹೋಗುತ್ತದೆ, ಸದ್ದು 340 ಮೀಟರ್: ಹೆದೆಯ ಸದ್ದು ಪ್ರಾಣಿಯ ಕಿವಿ ಮುಟ್ಟುವಾಗ ಬಾಣ ಇನ್ನೂ ಕಾಲು ದಾರಿಯಲ್ಲಿರುತ್ತದೆ. ಬೆದರಿದ ಪ್ರಾಂಗ್‌ಹಾರ್ನ್‌ಗೆ ಮೈ ತಿರುಗಿಸಲು ಅಷ್ಟು ಹೊತ್ತು ಸಾಕು, ಆಗ ಬಾಣ ಹೊಟ್ಟೆಗೆ ಬೀಳುತ್ತದೆ. ಬಿಟ್ಟ ಮೇಲೆ ಅರ್ಧ ಗಂಟೆ ಕದಲದೆ ಕುಳಿತು, ಆಮೇಲೆ ರಕ್ತದ ಜಾಡು ಹಿಡಿಯಿರಿ.

6. ಮಾಂಸ

ಮೊದಲು ಪರವಾನಗಿಯ ಕೂಪನ್‌ನಲ್ಲಿ ದಿನಾಂಕ ಗುರುತಿಸಿ, ಸಹಿ ಹಾಕಿ. ಫೋಟೊ ಆಮೇಲೆ, ಅದೂ ಎರಡೇ. ಪ್ರಾಂಗ್‌ಹಾರ್ನ್ ಮಾಂಸ ನಾರುತ್ತದೆ ಎಂದು ದೂರುವವರು ಅದನ್ನು ಚರ್ಮದ ಸಮೇತ ಪಿಕಪ್ ವಾಹನದ ಹಿಂದೆ ಹಾಕಿಕೊಂಡು ಆಗಸ್ಟ್ ಬಿಸಿಲಿನಲ್ಲಿ ಊರು ಸುತ್ತಿದವರು. ಅದರ ರೋಮ ಟೊಳ್ಳು, ಮೈಶಾಖವನ್ನು ಹೊರಗೆ ಬಿಡುವುದಿಲ್ಲ. ಬಿದ್ದಲ್ಲೇ ಚರ್ಮ ಸುಲಿಯಿರಿ, ರೋಮ ಮುಟ್ಟಿದ ಕೈಯಲ್ಲಿ ಮಾಂಸ ಮುಟ್ಟಬೇಡಿ, ಒಂದು ಗಂಟೆಯೊಳಗೆ ಮಂಜುಗಡ್ಡೆಯ ಪೆಟ್ಟಿಗೆಗೆ ಸೇರಿಸಿ. ಪೆಟ್ಟಿಗೆಯ ಕೆಳಗಿನ ಬಿರಡೆ ತೆಗೆದಿಡಿ, ಕರಗಿದ ನೀರಿನಲ್ಲಿ ಮಾಂಸ ನೆನೆಯಬಾರದು. ಬೆನ್ನಿನ ಉದ್ದ ಸ್ನಾಯುವನ್ನು ಅಂದು ರಾತ್ರಿಯೇ ಉಪ್ಪು, ಕಾಳುಮೆಣಸು, ತುಪ್ಪದಲ್ಲಿ ಬಾಡಿಸಿ ತಿನ್ನಿ. ಗರಂ ಮಸಾಲೆಯ ಡಬ್ಬಿಯನ್ನು ಡೆನ್ವರ್‌ನಲ್ಲೇ ಬಿಟ್ಟು ಬನ್ನಿ.