ಕಛೇರಿಯ ಉತ್ತರಾರ್ಧಕ್ಕೆ ಮಕ್ಕಳು: ನನ್ನ ಅನುಭವ

ಮಕ್ಕಳನ್ನು ಶಾಸ್ತ್ರೀಯ ಗಾಯನದ ಕಛೇರಿಗೆ ಕರೆದೊಯ್ಯುವವರು ಸಾಮಾನ್ಯವಾಗಿ ಆರಂಭಕ್ಕೇ ಹೋಗಿ, ಮಕ್ಕಳು ಹಟ ಹಿಡಿದ ಕೂಡಲೇ ಎದ್ದು ಬರುತ್ತಾರೆ. ಹೀಗಾದಾಗ ಮಕ್ಕಳ ಪಾಲಿಗೆ ಸಿಗುವುದು ಆರಂಭದಲ್ಲಿ ಹಾಡುವ ವರ್ಣವೆಂಬ ರಚನೆ, ಒಂದೆರಡು ಕೃತಿ ಮತ್ತು ನಿಧಾನವಾಗಿ ಬೆಳೆಯುವ ರಾಗದ ಆಲಾಪನೆ. ಅವರಿಗೆ ಹಿಡಿಸುವ ತನಿ ಆವರ್ತನ (ತಾಳವಾದ್ಯದವರು ಮಾತ್ರ ನುಡಿಸುವ ಭಾಗ), ದೇವರನಾಮ, ಚುರುಕು ಲಯದ ತಿಲ್ಲಾನಗಳೆಲ್ಲ ಬರುವುದು ಆಮೇಲೆ. ಆದ್ದರಿಂದ ಚಿಂತಾಮಣಿಯವರಾದ ನಾವು, ಏಳು ವರ್ಷದ ಮಗಳು ಮತ್ತು ನಾಲ್ಕು ವರ್ಷದ ಮಗನನ್ನು ಕರೆದುಕೊಂಡು, ಎರಡೂವರೆ ಗಂಟೆಯ ಕಛೇರಿಯಾದರೆ ಮೊದಲ ಒಂದು ಗಂಟೆಯನ್ನು ಬಿಟ್ಟೇ ಹೋಗುತ್ತೇವೆ. ತಡವಾಗಿ ಬಂದವರೆಂದು ಯಾರಾದರೂ ತಿರುಗಿ ನೋಡಿದರೆ ನೋಡಲಿ. ಒಂದು ಕೃತಿ ಮುಗಿದು ಚಪ್ಪಾಳೆ ಬೀಳುವವರೆಗೆ ಬಾಗಿಲ ಬಳಿ ನಿಂತು, ಆಮೇಲೆ ಒಳಗೆ ಹೋದರೆ ಯಾರಿಗೂ ತೊಂದರೆಯಿಲ್ಲ.

ಅಭ್ಯಾಸ ಶುರುಮಾಡಲು ನಾನು ಆರಿಸಿಕೊಂಡದ್ದು ನಮ್ಮ ತಾಲ್ಲೂಕಿನದೇ ಆದ ಕೈವಾರವನ್ನು. ಗುರುಪೂರ್ಣಿಮೆಯ ಸಂದರ್ಭದಲ್ಲಿ ಯೋಗಿ ನಾರೇಯಣ ಮಠದಲ್ಲಿ ಹಗಲೂ ರಾತ್ರಿ ನಡೆಯುವ ಸಂಗೀತೋತ್ಸವದಲ್ಲಿ ಕಲಾವಿದರು ಒಬ್ಬರಾದ ಮೇಲೊಬ್ಬರು ವೇದಿಕೆಗೆ ಬರುತ್ತಾರೆ, ಕೇಳುಗರೂ ಬರುತ್ತ ಹೋಗುತ್ತ ಇರುತ್ತಾರೆ. ಮಗು ಎದ್ದು ಓಡಾಡಿದರೆ ಅಲ್ಲಿ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ಯೋಗಿ ನಾರೇಯಣರ, ಅಂದರೆ ಕೈವಾರ ತಾತಯ್ಯನವರ ಕೀರ್ತನೆಗಳಲ್ಲಿ ತೆಲುಗಿನವೂ ಕನ್ನಡದವೂ ಇರುವುದು, ಎರಡೂ ನುಡಿಗಳು ಕಿವಿಗೆ ಬೀಳುವ ನಮ್ಮ ಸೀಮೆಯ ಮಕ್ಕಳಿಗೆ ಒಂದು ಅನುಕೂಲವೇ ಸರಿ.

ಅಲ್ಲಿಯೇ ಮಗಳಿಗೆ ಅಂಕಿತವನ್ನು, ಅಂದರೆ ರಚನೆಕಾರರು ಹಾಡಿನೊಳಗೆ ಇಡುವ ಗುರುತಿನ ಹೆಸರನ್ನು, ಕಾಯುವ ಆಟ ಹತ್ತಿತು. ಕೊನೆಯ ಚರಣದಲ್ಲಿ ‘ಅಮರನಾರೇಯಣ’ ಎಂದು ಬಂದರೆ ಅದು ತಾತಯ್ಯನವರದು, ‘ಪುರಂದರ ವಿಠಲ’ ಎಂದರೆ ಪುರಂದರದಾಸರದು, ‘ರಂಗವಿಠಲ’ ಎಂದರೆ ನಮ್ಮ ಪಕ್ಕದ ಮುಳಬಾಗಿಲಿನಲ್ಲಿ ವೃಂದಾವನವಿರುವ ಶ್ರೀಪಾದರಾಜರದು ಎಂದು ಮನೆಯಲ್ಲೇ ಹೇಳಿಕೊಟ್ಟಿದ್ದೆ. ಅಂಕಿತ ಬಂದಾಗ ಅವಳು ಬಾಯಿ ಬಿಡದೆ ನನ್ನ ತೋಳನ್ನು ಚಿವುಟುತ್ತಾಳೆ. ಹಾಡು ಮುಗಿಯುತ್ತ ಬಂದಿದೆ ಎಂಬುದು ಇದರಿಂದ ಅವಳಿಗೆ ತಾನಾಗಿಯೇ ತಿಳಿಯುವುದರಿಂದ, ‘ಇನ್ನೂ ಎಷ್ಟು ಹೊತ್ತು’ ಎಂಬ ಪ್ರಶ್ನೆ ಬಹಳ ಕಡಿಮೆಯಾಗಿದೆ.

ಕೈಗೆ ಕೆಲಸ ಕೊಡುವುದು ಎಲ್ಲಕ್ಕಿಂತ ಮುಖ್ಯ. ಆದಿತಾಳವನ್ನು ಊಟದ ಮೊದಲು ಆಟದಂತೆ ಹಾಕಿಸುತ್ತಿದ್ದೆ: ತೊಡೆಯ ಮೇಲೆ ಒಂದು ಪೆಟ್ಟು, ಕಿರುಬೆರಳಿನಿಂದ ಮೊದಲುಗೊಂಡು ಮೂರು ಬೆರಳೆಣಿಕೆ, ಅನಂತರ ಪೆಟ್ಟು ಮತ್ತು ಅಂಗೈ ತಿರುವುವ ಹುಸಿ ಎರಡು ಸಲ, ಒಟ್ಟು 8 ಎಣಿಕೆ. ನಾಲ್ಕು ವರ್ಷದವನಿಗೆ ಬೆರಳುಗಳು ಹೇಳಿದಂತೆ ಕೇಳುವುದಿಲ್ಲ. ಅವನು ಪೆಟ್ಟನ್ನು ಮಾತ್ರ ಹಾಕುತ್ತಾನೆ, ಅಷ್ಟು ಸಾಕು. ತನಿ ಆವರ್ತನದಲ್ಲಿ ಮೃದಂಗದವರು ಮತ್ತು ಖಂಜಿರ ಎಂಬ ಪುಟ್ಟ ಕೈವಾದ್ಯದವರು ಸರದಿಯಂತೆ ನುಡಿಸುತ್ತ, ಸರದಿ ಕಿರಿದಾಗುತ್ತ ಬಂದು, ಕೊನೆಗೆ ಇಬ್ಬರೂ ಕೂಡಿ ಮುಕ್ತಾಯಕ್ಕೆ ಬರುವ ಹೊತ್ತಿಗೆ ಮಗಳು ಗಾಯಕರ ಕೈಯನ್ನು ನೋಡಿ ತನ್ನ ತಾಳವನ್ನು ಸರಿಪಡಿಸಿಕೊಳ್ಳುತ್ತಿರುತ್ತಾಳೆ. ಹಾಡಿನ ಸಾಲು ಮತ್ತೆ ಯಾವಾಗ ಎತ್ತಿಕೊಳ್ಳುತ್ತದೆ ಎಂದು ಊಹಿಸುವುದು ಅವಳ ಇನ್ನೊಂದು ಪಂದ್ಯ.

ಇದೆಲ್ಲ ಕಾಣಬೇಕಾದರೆ ಪಕ್ಕವಾದ್ಯದವರ ಕೈ ಕಾಣುವ ಜಾಗ ಬೇಕು. ನಾನು ಪಕ್ಕದ ಬಾಗಿಲಿಗೆ ಹತ್ತಿರದ, ಓಡಾಟದ ದಾರಿಯ ಅಂಚಿನ ಕುರ್ಚಿಗಳನ್ನು ಹಿಡಿಯುತ್ತೇನೆ, ಆದರೆ ಸ್ಪೀಕರಿನ ಎದುರಿನವನ್ನಲ್ಲ. ನಮ್ಮ ಕಡೆ ಮೈಕಿನ ಸದ್ದು ದೊಡ್ಡವರಿಗೇ ಜೋರು. ಒಮ್ಮೆ ಖಂಜಿರದವರು ಚರ್ಮದ ಒಳಬದಿಗೆ ಬೆರಳಿನಿಂದ ನೀರು ಸವರುವುದನ್ನು ಕಂಡು ಮಗ, “ಅಪ್ಪಾ, ಅದಕ್ಕೂ ಬಾಯಾರಿಕೆನಾ?” ಎಂದು ಪಿಸುಗುಟ್ಟಿದ. ನೀರು ತಗುಲಿದರೆ ಚರ್ಮ ಸಡಿಲಗೊಂಡು ಶ್ರುತಿ ಇಳಿಯುತ್ತದೆ ಎಂದು ಹಾಡಿನ ನಡುವೆ ವಿವರಿಸಲು ಹೋಗಲಿಲ್ಲ; ಹೊರಗೆ ಬಂದ ಮೇಲೆ ಹೇಳಿದೆ.

ಚಕ್ಕುಲಿ, ಚಿಪ್ಸ್ ಪೊಟ್ಟಣಗಳನ್ನು ಒಯ್ಯುವುದಿಲ್ಲ, ಬಾಳೆಹಣ್ಣು ಮಾತ್ರ. ಸ್ಟೀಲ್ ಬಾಟಲಿಯನ್ನು ಬಟ್ಟೆಯ ಚೀಲದಲ್ಲಿಟ್ಟು ಕಾಲ ಬಳಿ ಮಲಗಿಸಿಡಬೇಕು. ಮೊಬೈಲನ್ನು ಕೈಗೆ ಕೊಡುವುದಕ್ಕಿಂತ ಎದ್ದು ಮನೆಗೆ ಹೋಗುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಪರದೆಯ ಬೆಳಕು ಹಿಂದಿನ ಸಾಲಿನವರ ಕಣ್ಣಿಗೂ ಕುಕ್ಕುತ್ತದೆ. ಮಗ ನಿದ್ದೆ ಮಾಡಿದರೆ ಎಬ್ಬಿಸುವುದಿಲ್ಲ. ಮಂಗಳದವರೆಗೆ ಕೂರಲೇಬೇಕೆಂಬ ನಿಯಮವೂ ನಮಗಿಲ್ಲ, ಆದರೆ ಈಚೆಗೆ ಮಗಳು ತಿಲ್ಲಾನ ಕೇಳದೆ ಏಳಲು ಒಪ್ಪುವುದಿಲ್ಲ.