ಬರ್ಡಿಗಿಂತ ರುಚಿ, ಒದ್ದಾಡಿ ಉಳಿಸಿಕೊಂಡ ಪಾರ್

ಗಾಲ್ಫ್‌ನಲ್ಲಿ ಪಾರ್ ಅಂದರೆ ಒಂದು ಗುಳಿಗೆ ಇಷ್ಟೇ ಹೊಡೆತ ಅಂತ ಇಟ್ಟ ಲೆಕ್ಕ, ಅದಕ್ಕಿಂತ ಒಂದು ಕಡಿಮೆ ಆದರೆ ಬರ್ಡಿ. ಈ ಪಾರ್‌ನಲ್ಲಿ ಎರಡು ಬಗೆ ಇದೆ. ಒಂದು, ಡ್ರೈವ್ (ಮೊದಲ ಉದ್ದನೆಯ ಹೊಡೆತ) ಫೇರ್‌ವೇಗೆ (ನಡುವಿನ ಕತ್ತರಿಸಿದ ಹುಲ್ಲಿನ ದಾರಿಗೆ) ಬಿತ್ತು, ಎರಡನೇ ಹೊಡೆತ ಗುಳಿ ಇರುವ ಗ್ರೀನ್ ಮೇಲೆ ಕೂತಿತು, ಎರಡು ಪಟ್ (ನೆಲದಲ್ಲಿ ಉರುಳಿಸುವ ಹೊಡೆತ), ಮುಗಿಯಿತು. ಅಂಥ ಪಾರ್ ಮುಂದಿನ ಗುಳಿಯ ಆಟ ಶುರುವಾಗುವ ಜಾಗ, ಅಂದರೆ ಟೀ, ತಲುಪುವಷ್ಟರಲ್ಲಿ ಮರೆತೇ ಹೋಗುತ್ತದೆ. ಇನ್ನೊಂದು, ಮರದ ಕೆಳಗಿಂದಲೋ ಬಂಕರ್ ಅನ್ನುವ ಮರಳು ಗುಂಡಿ ಒಳಗಿಂದಲೋ ಹೇಗೋ ಒದ್ದಾಡಿಕೊಂಡು ಬಂದು, ಕೊನೆಗೆ ಏಳೆಂಟು ಅಡಿಯ ಪಟ್ ಹಾಕಿ ತೆಗೆದುಕೊಳ್ಳುವ ಪಾರ್. ಸ್ಕೋರ್ ಕಾರ್ಡಿನಲ್ಲಿ ಎರಡಕ್ಕೂ ಅದೇ 4. ಆದರೆ ಮನೆಗೆ ವಾಪಸ್ ಬರುವಾಗ ದಾರಿಯುದ್ದಕ್ಕೂ ತಲೆಯಲ್ಲಿ ಓಡುವುದು ಎರಡನೆಯದೇ.

ಆಟ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಪಾರ್-4 ಅಂದರೆ ಎರಡು ಹೊಡೆತದಲ್ಲಿ ಗ್ರೀನ್ ಸೇರಬೇಕು, ಎರಡು ಪಟ್‌ನಲ್ಲಿ ಗುಳಿಗೆ ಹಾಕಬೇಕು ಅಂತ ಲೆಕ್ಕ. ಗ್ರೀನ್ ತಪ್ಪಿತು ಅಂದರೆ ಒಂದು ಪಟ್ ಕಡಿಮೆ ಮಾಡಿಕೊಳ್ಳಲೇಬೇಕು: ಒಂದು ಚಿಪ್ (ಗ್ರೀನಿನ ಹತ್ತಿರದಿಂದ ಹೊಡೆಯುವ ಚಿಕ್ಕ ಹೊಡೆತ), ಒಂದೇ ಪಟ್. ಇದನ್ನೇ ಅಪ್ ಅಂಡ್ ಡೌನ್ ಅನ್ನುವುದು. ನನ್ನಂಥ ಶನಿವಾರ-ಭಾನುವಾರದ ಆಟಗಾರ ಹದಿನೆಂಟು ಗುಳಿಗಳಲ್ಲಿ ಜಾಸ್ತಿ ಗ್ರೀನ್ ತಪ್ಪಿಸುವವನೇ. ಹಾಗಾಗಿ ಪಾರ್ ಬೇಕು ಅಂದರೆ ನಮಗೆ ಬೇರೆ ದಾರಿ ಇಲ್ಲ. ಅಮೆರಿಕದ ವೃತ್ತಿಪರರ ಪಿಜಿಎ ಟೂರ್‌ನಲ್ಲಿ ಆಡುವವರೇ ಗ್ರೀನ್ ತಪ್ಪಿದಾಗ ಹತ್ತರಲ್ಲಿ ಸುಮಾರು ಆರು ಸಲ ಪಾರ್ ಉಳಿಸಿಕೊಳ್ಳುತ್ತಾರೆ, ಎಂಟು ಅಡಿಯ ಪಟ್ ಅವರಿಗೂ ಸರಿಸುಮಾರು ಅರ್ಧದಷ್ಟು ಸಲ ಮಾತ್ರ ಬೀಳುತ್ತದೆ. ಇದು ತಿಳಿದ ಮೇಲೆ ನನ್ನ ಮೇಲೆ ನನಗಿದ್ದ ಸಿಟ್ಟು ಸ್ವಲ್ಪ ಇಳಿಯಿತು ನೋಡಿ.

ನನಗೆ ಇಷ್ಟವಾದ ಒಂದು ಪಾರ್ ಮೈಸೂರಿನದು. ಚಾಮುಂಡಿ ಬೆಟ್ಟ ಕಾಣುತ್ತಾ ಆಡುವ ಕೋರ್ಸ್ ಅದು, ಬೆಳಗಿನ ಹೊತ್ತು ಗಾಳಿ ಇರುವುದಿಲ್ಲ, ಆಡಲು ಬಲು ಸೊಗಸು. ಒಂದು ಪಾರ್-4ನಲ್ಲಿ ನನ್ನ ಡ್ರೈವ್ ಬಲಕ್ಕೆ ತಿರುಗಿ ಮರಗಳ ಮಧ್ಯೆ ಹೋಯಿತು. ಬಾಲ್ ಸಿಕ್ಕಿತು. 2019ರಿಂದ ನಿಯಮದ ಪ್ರಕಾರ ಹುಡುಕಲು ಮೂರೇ ನಿಮಿಷ, ಅದಕ್ಕೇ ನಾಲ್ಕೂ ಜನ ಓಡಿಹೋಗಿ ಹುಡುಕಿದೆವು. ನೆಲ ಗಟ್ಟಿ, ಹುಲ್ಲು ಕಡಿಮೆ, ಲೈ, ಅಂದರೆ ಬಾಲ್ ಕೂತಿದ್ದ ರೀತಿ, ಚೆನ್ನಾಗಿಯೇ ಇತ್ತು. ಮುಂದೆ ಎರಡು ಮರಗಳ ನಡುವೆ ಒಂದು ಗ್ಯಾಪ್, ಅದರಾಚೆ ನೇರ ಗ್ರೀನ್. ಕೈ ತುರಿಸುವುದು ಇಂಥಾ ಜಾಗದಲ್ಲೇ.

ಬ್ಯಾಗ್ ಹೊತ್ತು ಸಲಹೆ ಕೊಡುವ ಕ್ಯಾಡಿ ವಯಸ್ಸಾದವರು, ಆ ಕೋರ್ಸಿನಲ್ಲೇ ಕೂದಲು ಬೆಳ್ಳಗಾದವರು. ಗ್ಯಾಪ್ ನೋಡಿದರು, ನನ್ನ ಮುಖ ನೋಡಿದರು. "ಹೋಗ್ತದೆ ಸಾರ್, ಆದ್ರೆ ಬೇಡ" ಅಂದರು. ಅಷ್ಟೇ.

ಪಾರ್ ಉಳಿದದ್ದು ಆ ಮಾತಿನಲ್ಲೇ ಅಂತ ನನ್ನ ನಂಬಿಕೆ. ಪಾರ್ ಉಳಿಸುವುದು ಅಂದರೆ ಎಲ್ಲರ ಕಣ್ಣಿಗೆ ಬೀಳುವುದು ಕೊನೆಯ ಪಟ್. ಅದು ಬಿದ್ದಾಗ ಎಲ್ಲರೂ ಕೈ ಕುಲುಕುತ್ತಾರೆ. ಆದರೆ ಆ ಪಟ್ ಎಲ್ಲಿಂದ, ಏರಿಗೋ ಇಳಿಜಾರಿಗೋ, ಎಷ್ಟು ಅಡಿ ಅನ್ನುವುದೆಲ್ಲ ಎರಡು ಹೊಡೆತ ಹಿಂದೆಯೇ ನಿರ್ಧಾರ ಆಗಿರುತ್ತದೆ. ಆ ದಿನ ಪಿನ್, ಅಂದರೆ ಗುಳಿಯ ಬಾವುಟ, ಗ್ರೀನಿನ ಬಲ ಮೂಲೆಯಲ್ಲಿತ್ತು, ಅದರ ಬಲಕ್ಕೆ ಬಂಕರ್. ಗ್ಯಾಪ್‌ನಲ್ಲಿ ಹೊಡೆದು ಚೂರು ಬಲಕ್ಕೆ ಹೋದರೆ ಶಾರ್ಟ್ ಸೈಡ್: ಬಂಕರ್ ದಾಟಿದ ಮೇಲೆ ಬಾಲ್ ನಿಲ್ಲಲು ನಾಲ್ಕು ಹೆಜ್ಜೆ ಜಾಗವೂ ಇಲ್ಲ. ಎಡಗಡೆಯಿಂದ ಬಂದರೆ ಗ್ರೀನ್ ಪೂರ್ತಿ ನನ್ನದು. ಹಾಗಾಗಿ ಬಾಲ್ ತಗ್ಗಿನಲ್ಲೇ ಹೋಗಲಿ ಅಂತ ಆರನೇ ನಂಬರ್ ಐರನ್ ಕ್ಲಬ್ ತೆಗೆದುಕೊಂಡೆ. ಬಾಲ್ ಬಲಗಾಲಿನ ಕಡೆಗೆ, ಕೈ ಮುಂದಕ್ಕೆ, ಹಿಂದಕ್ಕೆ ಎತ್ತುವುದು ಸೊಂಟದ ಮಟ್ಟಕ್ಕೆ, ಮುಗಿಸುವುದೂ ಅಲ್ಲಿಗೇ. ಕೊಂಬೆಗಳ ಕೆಳಗೆ ನುಗ್ಗಿ ಓಡಿ ಫೇರ್‌ವೇಯ ಎಡಕ್ಕೆ ಹೋಗಿ ನಿಂತಿತು. ಪಿನ್‌ಗೆ ಎಪ್ಪತ್ತು ಗಜ ಇರಬಹುದು.

ಅಲ್ಲಿಂದ ಸ್ಯಾಂಡ್ ವೆಜ್, ಬಾಲನ್ನು ಮೇಲಕ್ಕೆತ್ತುವ ಕ್ಲಬ್. ಪಿನ್ ತಲುಪಿಸಬೇಕು ಅಂತಲೇ ಹೊಡೆಯಲಿಲ್ಲ, ಅದರ ಕೆಳಗೆ ನಿಲ್ಲಲಿ ಅಂತ ಹೊಡೆದೆ. ನಿಂತಿತು, ಎಂಟು ಅಡಿ ಕೆಳಗೆ, ಏರು ಪಟ್. ಏರು ಪಟ್ ಯಾಕೆ ಅಂದರೆ ಸ್ವಲ್ಪ ಗಟ್ಟಿಯಾಗಿ ಹೊಡೆಯಬಹುದು, ಗಟ್ಟಿಯಾಗಿ ಹೊಡೆದರೆ ಬಾಲ್ ಕಡಿಮೆ ತಿರುಗುತ್ತದೆ, ತಪ್ಪಿದರೂ ದೂರ ಓಡುವುದಿಲ್ಲ. ಇಳಿಜಾರಿನ ನಾಲ್ಕು ಅಡಿಗಿಂತ ಏರಿನ ಎಂಟು ಅಡಿಯೇ ವಾಸಿ ಅಂತ ನಾನು ಎಷ್ಟೋ ಜನರ ಜೊತೆ ಜಗಳ ಆಡಿದ್ದೇನೆ. ಇಳಿಜಾರಿನಲ್ಲಿ ಕೈ ನಡುಗಿದವರಿಗೆ ಇದು ಅರ್ಥ ಆಗುತ್ತದೆ.

ಕ್ಯಾಡಿ ಹೇಳಿದ್ದು, "ಬೆಟ್ಟ ಆ ಕಡೆ ಇದೆ ಸಾರ್, ಕಣ್ಣಿಗೆ ಕಾಣೋದಕ್ಕಿಂತ ಜಾಸ್ತಿ ತಿರುಗುತ್ತೆ, ಎರಡು ಬಾಲ್ ಬಿಡಿ." ಅಂದರೆ ಗುಳಿಯಿಂದ ಎರಡು ಬಾಲ್ ಅಗಲದಷ್ಟು ಪಕ್ಕಕ್ಕೆ ಗುರಿ ಇಡಿ ಅಂತ. ನಾನು ಗುಳಿಯ ಅಂಚನ್ನೂ ನೋಡಿದೆ. ಬರ್ಮುಡಾ ಹುಲ್ಲಿನ ಗ್ರೀನಿನಲ್ಲಿ ಇದು ಬಲು ಉಪಯೋಗದ ಅಭ್ಯಾಸ. ಗುಳಿಯ ಒಂದು ಅಂಚು ಚೂಪಾಗಿ ಕತ್ತರಿಸಿದ ಹಾಗಿರುತ್ತದೆ, ಇನ್ನೊಂದು ಅಂಚು ಒಣಗಿ ಚಿಂದಿ ಚಿಂದಿ ಆಗಿರುತ್ತದೆ. ಹುಲ್ಲು ಮಲಗಿರುವುದು ಆ ಚಿಂದಿ ಅಂಚಿನ ಕಡೆಗೆ. ಬಾಲ್ ಕೂಡ ಆ ಕಡೆಗೆ ಎಳೆಯುತ್ತದೆ, ನಿಧಾನವಾಗುತ್ತಾ ಬಂದಂತೆ ಇನ್ನೂ ಜಾಸ್ತಿ. ಇಲ್ಲಿ ಇಳಿಜಾರು, ಹುಲ್ಲು ಎರಡೂ ಒಂದೇ ಕಡೆಗಿತ್ತು. ಎರಡು ಬಾಲ್ ಬಿಟ್ಟೆ. ಬಿತ್ತು.

ಎದುರಾಳಿ ಗೆಳೆಯ ಎರಡು ಹೊಡೆತಕ್ಕೇ ಗ್ರೀನ್ ಸೇರಿದ್ದ. ಆರಾಮಾಗಿ ಎರಡು ಪಟ್ ಮಾಡಿದ. ಅವನದೂ ಪಾರ್, ನನ್ನದೂ ಪಾರ್, ಆ ಹೋಲ್ ಯಾರದೂ ಅಲ್ಲ. ಆದರೆ ಮುಂದಿನ ಟೀಗೆ ನಡೆಯುವಾಗ ಸೋತವನ ಹಾಗೆ ಮುಖ ಮಾಡಿಕೊಂಡಿದ್ದವನು ಅವನು. ನಾನೇನೂ ಹೇಳಲಿಲ್ಲ. ಪಂದ್ಯ ಇದ್ದದ್ದು ಬೆಳಗಿನ ತಿಂಡಿಗೆ ಅಷ್ಟೇ, ಆದರೂ ಆ ಮುಖ ನೋಡುವ ಸುಖವೇ ಬೇರೆ ಅಲ್ವಾ.

ಗ್ರೀನಿನ ಅಂಚಿನಿಂದ ಚಿಪ್ ಮಾಡಲು ನಾನು ಬಳಸುವುದು ಹಳೆಯ ಹನ್ನೆರಡರ ಲೆಕ್ಕ. ಹನ್ನೆರಡರಲ್ಲಿ ಕ್ಲಬ್ಬಿನ ನಂಬರ್ ಕಳೆಯಿರಿ, ಉಳಿದದ್ದು ಬಾಲ್ ಉರುಳುವ ಪಾಲು. ಎಂಟನೇ ಐರನ್ ಆದರೆ ಗಾಳಿಯಲ್ಲಿ ಒಂದು ಪಾಲು, ನೆಲದಲ್ಲಿ ನಾಲ್ಕು. ಒಂಬತ್ತಕ್ಕೆ ಮೂರು. ಪಿಚಿಂಗ್ ವೆಜ್‌ನ್ನು ಹತ್ತು ಅಂದುಕೊಳ್ಳಿ, ಎರಡು. ಸ್ಯಾಂಡ್ ವೆಜ್ ಹನ್ನೊಂದು, ಒಂದಕ್ಕೊಂದು. ಸಮತಟ್ಟಾದ, ಸಾಧಾರಣ ವೇಗದ ಗ್ರೀನಿಗೆ ಈ ಲೆಕ್ಕ, ಏರಿಳಿತ ಇದ್ದರೆ ಕ್ಲಬ್ ಬದಲಿಸಿ. ಇದರ ಲಾಭ ಏನೆಂದರೆ ಹೊಡೆತ ಯಾವಾಗಲೂ ಒಂದೇ, ಪಟ್ ಹೊಡೆದ ಹಾಗೆ, ಬದಲಾಗುವುದು ಕ್ಲಬ್ ಮಾತ್ರ. ನಮ್ಮಲ್ಲಿ ಎಲ್ಲದಕ್ಕೂ ಲಾಬ್ ವೆಜ್ ತೆಗೆದು ಮೇಲಕ್ಕೆತ್ತುವ ಚಾಳಿ ಜಾಸ್ತಿ. ಟಿವಿಯಲ್ಲಿ ಚಂದ ಕಾಣುತ್ತದೆ. ಕಾರ್ಡಿನಲ್ಲಿ ಅಲ್ಲ.

ಬಂಕರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಕ್ಲಬ್ಬಿನ ಮುಖ ತೆರೆದು ಹಿಡಿದು ಬಾಲ್‌ಗಿಂತ ಒಂದೆರಡು ಇಂಚು ಹಿಂದೆ ಮರಳಿಗೆ ಹೊಡೆಯಿರಿ, ಹೊಡೆತವನ್ನು ನಿಲ್ಲಿಸಬೇಡಿ. ಮುಂಚೆಯೇ ಕ್ಲಬ್ ತಂದು ಬಾಲ್ ಪಕ್ಕ ಮರಳಿಗೆ ತಾಗಿಸಿದರೆ ಎರಡು ಹೊಡೆತದ ದಂಡ, ಪಾರ್ ಅಲ್ಲಿಗೇ ಹೋಯಿತು.

ಇದನ್ನೆಲ್ಲ ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದ್ದು ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್. 2021ರ ಆಗಸ್ಟ್ 7ರ ಬೆಳಗ್ಗೆ, ಟೋಕಿಯೋ ಒಲಿಂಪಿಕ್ಸ್‌ನ ಕೊನೆಯ ಸುತ್ತು, ಕಸುಮಿಗಸೆಕಿ ಕೋರ್ಸ್. ಗಾಲ್ಫ್ ಅಂದರೇನು ಅಂತ ಗೊತ್ತಿಲ್ಲದ ನಮ್ಮ ಮನೆಯವರೂ ಎದ್ದು ಟಿವಿ ಮುಂದೆ ಕೂತಿದ್ದರು. ಆಕೆಯ ತಾಯಿಯೇ ಕ್ಯಾಡಿ. ಜೊತೆಯಲ್ಲಿ ಆಡುತ್ತಿದ್ದವರ ಡ್ರೈವ್ ಆಕೆಯದಕ್ಕಿಂತ ಎಷ್ಟೋ ಮುಂದೆ ಬೀಳುತ್ತಿತ್ತು. ಆಕೆ ಹಿಂದಿನಿಂದ ಉದ್ದದ ಕ್ಲಬ್‌ನಲ್ಲಿ ಹೊಡೆಯಬೇಕು, ಆಮೇಲೆ ಚಿಪ್, ಪಟ್. ಆದರೂ ಸ್ಕೋರ್ ಬೋರ್ಡ್‌ನಲ್ಲಿ ಪಕ್ಕದಲ್ಲೇ ಇದ್ದಳು. ಚಿನ್ನ ಗೆದ್ದ ನೆಲ್ಲಿ ಕೋರ್ಡಾ 17 ಅಂಡರ್ (ಪಾರ್‌ಗಿಂತ 17 ಹೊಡೆತ ಕಡಿಮೆ), ಬೆಳ್ಳಿಗೆ ಪ್ಲೇಆಫ್ ಆಡಿದ ಮೋನೆ ಇನಾಮಿ ಮತ್ತು ಲಿಡಿಯಾ ಕೋ 16 ಅಂಡರ್, ಅದಿತಿ 15 ಅಂಡರ್, ನಾಲ್ಕನೆಯವಳು. ಪದಕ ತಪ್ಪಿದ್ದು ಒಂದೇ ಹೊಡೆತದಲ್ಲಿ. ಪದಕ ಬರಲಿಲ್ಲ ಅಂತ ಎಲ್ಲರೂ ಹೇಳಿದರು, ನಾನು ಮಾತ್ರ ಆಕೆ ಉಳಿಸಿಕೊಂಡ ಪಾರ್‌ಗಳ ಬಗ್ಗೆಯೇ ಮಾತಾಡುತ್ತಿದ್ದೆ. ಮನೆಯಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ ಬಿಡಿ.

ಅಭ್ಯಾಸದ ವಿಷಯ. ಚಿಪ್ಪಿಂಗ್ ಗ್ರೀನಿನಲ್ಲಿ ಬುಟ್ಟಿ ಬಾಲ್ ಸುರಿದುಕೊಂಡು ಒಂದೇ ಜಾಗದಿಂದ ಹೊಡೆಯುವುದನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಮೂರನೇ ಚಿಪ್ ಎಲ್ಲರಿಗೂ ಚೆನ್ನಾಗಿಯೇ ಬರುತ್ತದೆ, ಕೋರ್ಸಿನಲ್ಲಿ ಸಿಗುವುದು ಮೊದಲನೆಯದು ಮಾತ್ರ. ಈಗ ಒಂದೇ ಬಾಲ್. ಎಲ್ಲಾದರೂ ಎಸೆಯುವುದು, ಬಿದ್ದ ಕಡೆಯಿಂದ ಚಿಪ್ ಮಾಡುವುದು, ಪಟರ್ ತೆಗೆದುಕೊಂಡು ಹೋಗಿ ಗುಳಿಗೆ ಹಾಕುವುದು, ಎರಡು ಹೊಡೆತಕ್ಕೆ ಮುಗಿಯದಿದ್ದರೆ ಮತ್ತೆ ಎಸೆಯುವುದು. ಬೇಜಾರಾಗುತ್ತದೆ, ನಿಧಾನ, ನೋಡುವವರು ನಗುತ್ತಾರೆ. ಆದರೆ ಐದು ಅಡಿಯ ಪಟ್ ಮುಂದೆ ನಿಂತಾಗ ಹೊಟ್ಟೆಯಲ್ಲಿ ಏನೋ ಆಗುವುದು ಅಭ್ಯಾಸದಲ್ಲೂ ಆಗಬೇಕು ಅಂದರೆ ಇದೊಂದೇ ದಾರಿ ನನಗೆ ಸಿಕ್ಕಿರುವುದು.

ಸದ್ಯಕ್ಕೆ ಬಗೆಹರಿಯದೇ ಇರುವುದು ಮಳೆಗಾಲ. ಜುಲೈನಲ್ಲಿ ಗ್ರೀನ್ ಒದ್ದೆ, ಬಾಲ್ ಉರುಳುವುದೇ ಇಲ್ಲ, ಹನ್ನೆರಡರ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಬಂಕರ್ ಮರಳೂ ಗಟ್ಟಿ, ಮುಖ ಜಾಸ್ತಿ ತೆರೆದರೆ ಕ್ಲಬ್ ಪುಟಿದು ಬಾಲ್ ಗ್ರೀನ್ ದಾಟಿ ಆಚೆ ಹೋಗುತ್ತದೆ, ಅದಕ್ಕೇ ಈಗ ಮುಖ ಕಮ್ಮಿ ತೆರೆದು ನೋಡುತ್ತಿದ್ದೇನೆ. ಚಿಪ್‌ಗೆ ಎಂಟನೇ ಐರನ್ ಬಿಟ್ಟು ಪಿಚಿಂಗ್ ವೆಜ್ ಹಿಡಿದು, ಬಾಲನ್ನು ಪಿನ್‌ನ ಹತ್ತಿರಕ್ಕೇ ಬೀಳಿಸಿ ನೋಡುತ್ತಿದ್ದೇನೆ. ಒಂದೊಂದು ದಿನ ನಿಲ್ಲುತ್ತದೆ, ಒಂದೊಂದು ದಿನ ಬಿದ್ದಲ್ಲೇ ಅಂಟಿಕೊಂಡು ಹತ್ತು ಅಡಿ ಉಳಿಸುತ್ತದೆ. ಮಳೆಯಲ್ಲಿ ಯಾರಿಗಾದರೂ ಒಳ್ಳೆಯ ಲೆಕ್ಕ ಕೈಗೆ ಸಿಕ್ಕಿದ್ದರೆ ಹೇಳಿ, ತಿಂಡಿ ನನ್ನ ಲೆಕ್ಕದಲ್ಲಿ.