ಮೀಟಿಂಗ್ ಇನ್ವೈಟ್ ಬಂದಿದೆ, ಕ್ಯಾಲೆಂಡರ್‌ನಲ್ಲಿ ಮಾತ್ರ ಕಾಣ್ತಿಲ್ಲ!

"ಕ್ಯಾಲೆಂಡರ್ ಸಿಂಕ್ ಆಗ್ತಿಲ್ಲ, ಸ್ವಲ್ಪ ನೋಡ್ತೀರಾ?" ಪರಿಚಯದವರು ಯಾರಾದರೂ ಹೀಗೆ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಬ್ರೌಸರ್‌ನಲ್ಲಿ ತೆಗೆದು ನೋಡಿದ್ರಾ?" ಹೆಚ್ಚಿನವರು ನೋಡಿರುವುದಿಲ್ಲ. ಆ್ಯಪ್ ಅಳಿಸಿ ಮತ್ತೆ ಹಾಕಿರುತ್ತಾರೆ, ಫೋನ್ ಆಫ್ ಮಾಡಿ ಆನ್ ಮಾಡಿರುತ್ತಾರೆ, ಕೆಲವರು ಅಕೌಂಟನ್ನೇ ಕಿತ್ತು ಹಾಕಿರುತ್ತಾರೆ. ಆಮೇಲೆ ನನಗೆ ಫೋನ್.

ಬೆಂಗಳೂರಿನಲ್ಲಿ ಇದು ಈಗ ಬರೀ ಐಟಿಯವರ ಗೋಳಲ್ಲ. ಅಪಾರ್ಟ್‌ಮೆಂಟ್ ಸಂಘದ ಸಭೆ, ಮಗಳ ಶಾಲೆಯ ಆನ್‌ಲೈನ್ ಪೋಷಕರ ಸಭೆ, ಡಾಕ್ಟರ ಜೊತೆ ವಿಡಿಯೊ ಕಾಲ್, ಎಲ್ಲಕ್ಕೂ ಇನ್ವೈಟ್ ಬರುತ್ತದೆ. ಬೆಳಿಗ್ಗೆ ವಿಜಯನಗರದಲ್ಲಿ ವೈಟ್‌ಫೀಲ್ಡ್ ಮೆಟ್ರೊ ಹತ್ತಿದವರು ಕೈಯಲ್ಲಿರುವ ಫೋನನ್ನೇ ನಂಬಬೇಕು. ಆ ರಶ್‌ನಲ್ಲಿ ಲ್ಯಾಪ್‌ಟಾಪ್ ತೆಗೆಯುವ ಮಾತೇ ಇಲ್ಲ.

ಇನ್ವೈಟ್ ಹೇಗೆ ಬರುತ್ತದೆ ಅನ್ನುವುದು ಸ್ವಲ್ಪ ಗೊತ್ತಿದ್ದರೆ ಅರ್ಧ ಕೆಲಸ ಹಗುರ. ಲಗ್ನಪತ್ರಿಕೆ ಅಂದುಕೊಳ್ಳಿ. ಕರೆಯುವವರ ಮನೆಯಲ್ಲಿ ಒಂದು ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಹೆಸರಿದ್ದವರಿಗೆ ಒಂದೊಂದು ಪತ್ರಿಕೆ ಹೋಗುತ್ತದೆ. ಮುಹೂರ್ತ ಬದಲಾದರೆ ಅದೇ ಪಟ್ಟಿ ಹಿಡಿದು ಮತ್ತೆ ತಿಳಿಸುತ್ತಾರೆ. ಕ್ಯಾಲೆಂಡರ್ ಇನ್ವೈಟ್ ಕೂಡ ಹಾಗೆಯೇ. ಮೇಲ್ ಜೊತೆ ಐಸಿಎಸ್ ಅನ್ನುವ ಸಣ್ಣ ಫೈಲ್ ಬರುತ್ತದೆ. ಅದರೊಳಗೆ ಆ ಮೀಟಿಂಗ್‌ನ ಗುರುತಿನ ಸಂಖ್ಯೆ, ಎಷ್ಟನೇ ಸಲ ತಿದ್ದಿದ್ದು ಅನ್ನುವ ಲೆಕ್ಕ, ಕರೆದವರ ಮತ್ತು ಬರಬೇಕಾದವರ ಮೇಲ್ ವಿಳಾಸ, ಟೈಮ್ ಝೋನ್ ಎಲ್ಲ ಇರುತ್ತವೆ. 1998ರಲ್ಲಿ ಬಂದು 2009ರಲ್ಲಿ ಪರಿಷ್ಕಾರಗೊಂಡ ಐಕ್ಯಾಲೆಂಡರ್ ಎಂಬ ನಿಯಮ ಇದು. ಗೂಗಲ್, ಔಟ್‌ಲುಕ್, ಆ್ಯಪಲ್ ಮೂವರಿಗೂ ಈ ಭಾಷೆ ಬರುತ್ತದೆ. ಅದಕ್ಕೇ ಔಟ್‌ಲುಕ್‌ನಿಂದ ಹೊರಟ ಇನ್ವೈಟ್ ಗೂಗಲ್ ಕ್ಯಾಲೆಂಡರ್‌ನಲ್ಲೂ ಬಂದು ಕೂರುತ್ತದೆ.

ಈ ದಾರಿಯಲ್ಲಿ ಎಲ್ಲಿ ಕಡಿದಿದೆ ಅಂತ ಹುಡುಕಬೇಕು, ಅಷ್ಟೇ. ಹುಡುಕಿ ಮುಗಿಯುವವರೆಗೆ ಏನನ್ನೂ ಅಳಿಸಬೇಡಿ.

ಮೊದಲು ಬ್ರೌಸರ್

ಕಂಪ್ಯೂಟರ್‌ನಲ್ಲೋ ಫೋನಿನ ಬ್ರೌಸರ್‌ನಲ್ಲೋ ನಿಮ್ಮ ಕ್ಯಾಲೆಂಡರ್ ತೆಗೆಯಿರಿ. ಫೋನಿನಲ್ಲಾದರೆ ಆ್ಯಪ್ ತಾನೇ ತೆರೆದುಕೊಳ್ಳದಂತೆ ನೋಡಿಕೊಳ್ಳಿ. ಬ್ರೌಸರ್‌ನಲ್ಲಿ ಕಾಣುವುದು ಸರ್ವರ್‌ನಲ್ಲಿ, ಅಂದರೆ ಗೂಗಲ್‌ನಂಥ ಕಂಪನಿಯ ಕಂಪ್ಯೂಟರ್‌ನಲ್ಲಿ ಇರುವ ಅಸಲಿ ಕ್ಯಾಲೆಂಡರ್. ಫೋನಿನ ಆ್ಯಪ್ ಅದರ ನಕಲು. ಈ ಎರಡನ್ನೂ ಒಂದೇ ಥರ ಇಡುವುದಕ್ಕೇ ಸಿಂಕ್ ಅನ್ನುವುದು.

ಅಲ್ಲಿ ಮೀಟಿಂಗ್ ಇದೆ, ಫೋನಿನಲ್ಲಿ ಇಲ್ಲ ಅಂದರೆ ತಪ್ಪು ಫೋನಿನದು. ಅಲ್ಲೂ ಇಲ್ಲ ಅಂದರೆ ಫೋನನ್ನು ಎಷ್ಟು ಸಲ ಆಫ್ ಮಾಡಿದರೂ ಪ್ರಯೋಜನ ಇಲ್ಲ, ಇನ್ವೈಟೇ ಸರಿಯಾಗಿ ಬಂದು ಮುಟ್ಟಿಲ್ಲ. ಎರಡು ದಾರಿ ಇಲ್ಲೇ ಬೇರೆಯಾಗುತ್ತವೆ.

ಬ್ರೌಸರ್‌ನಲ್ಲೂ ಇಲ್ಲದಿದ್ದರೆ

ಮೊದಲು ಮೇಲ್ ಬಂದಿದೆಯಾ ನೋಡಿ. ಸ್ಪ್ಯಾಮ್, ಜಂಕ್ ಫೋಲ್ಡರ್‌ಗಳನ್ನೂ ನೋಡಿ. ಗೂಗಲ್ ಅಕೌಂಟ್ ಆದರೆ ಜಾಗ ತುಂಬಿದೆಯಾ ಅಂತಲೂ ನೋಡಿ. ಉಚಿತವಾಗಿ ಸಿಗುವುದು 15 ಜಿಬಿ. ಅದರಲ್ಲೇ ಮೇಲ್, ಡ್ರೈವ್, ಫೋಟೊಗಳು ಎಲ್ಲ ಸೇರಿವೆ. ಊರಿನ ಜಾತ್ರೆಯ ವಿಡಿಯೊಗಳಿಂದಲೇ ಅದು ತುಂಬಿದರೆ ಹೊಸ ಮೇಲ್ ಬರುವುದು ನಿಲ್ಲುತ್ತದೆ. ಮೇಲ್ ಇಲ್ಲ ಅಂದಮೇಲೆ ಇನ್ವೈಟ್ ಎಲ್ಲಿಂದ ಬರಬೇಕು?

ಮೇಲ್ ಬಂದಿದ್ದರೆ ಅದು ಯಾವ ವಿಳಾಸಕ್ಕೆ ಬಂದಿದೆ ಅಂತ ನೋಡಿ. ನಾನು ನೋಡಿದ ದೂರುಗಳಲ್ಲಿ ಜಾಸ್ತಿ ಸಿಗುವ ಕಳ್ಳ ಇವನೇ. ನಮ್ಮಲ್ಲಿ ಹೆಚ್ಚಿನವರಿಗೆ ಆಫೀಸಿನ ಮೇಲ್ ಒಂದು, ಸ್ವಂತದ್ದು ಒಂದು, ಕಾಲೇಜು ದಿನಗಳಲ್ಲಿ ಮಾಡಿಕೊಂಡ ವಿಚಿತ್ರ ಹೆಸರಿನದು ಇನ್ನೊಂದು ಇರುತ್ತದೆ. ಹಳೆಯ ವಿಳಾಸಕ್ಕೆ ಬಂದದ್ದನ್ನೆಲ್ಲ ಹೊಸದಕ್ಕೆ ತಾನಾಗೇ ಫಾರ್ವರ್ಡ್ ಆಗುವಂತೆ ಇಟ್ಟಿರುತ್ತೇವೆ. ಮೇಲ್ ಹೊಸ ಇನ್‌ಬಾಕ್ಸ್‌ನಲ್ಲಿ ಕಾಣುತ್ತದೆ. ಆದರೆ ಪಟ್ಟಿಯಲ್ಲಿರುವುದು ಹಳೆಯ ವಿಳಾಸ. ಹೊಸ ಅಕೌಂಟಿನ ಕ್ಯಾಲೆಂಡರ್ "ಇದು ನನ್ನ ಹೆಸರಿನ ಪತ್ರಿಕೆ ಅಲ್ಲ" ಅಂತ ಸುಮ್ನೆ ಕೂರುತ್ತದೆ.

ಸ್ನೇಹಿತರು ಫಾರ್ವರ್ಡ್ ಮಾಡಿದ ಇನ್ವೈಟ್‌ನ ಕಥೆಯೂ ಇದೇ. ಮೇಲ್ ಕೈಗೆ ಬಂತು ಅಂದಮಾತ್ರಕ್ಕೆ ನೀವು ಪಟ್ಟಿಗೆ ಸೇರಿದ ಹಾಗಲ್ಲ. ಪಟ್ಟಿಯಲ್ಲಿ ಇಲ್ಲದಿದ್ದರೆ ಸಮಯ ಬದಲಾದಾಗ ನಿಮಗೆ ಯಾರೂ ತಿಳಿಸುವುದಿಲ್ಲ. ಇದಕ್ಕೆ ನೇರ ಪರಿಹಾರ ಒಂದೇ: ಮೀಟಿಂಗ್ ಇಟ್ಟವರಿಗೆ ಹೇಳಿ, ನಿಮ್ಮ ಸರಿಯಾದ ವಿಳಾಸವನ್ನು ಪಟ್ಟಿಗೆ ಹಾಕಿಸಿಕೊಳ್ಳಿ. ಸಂಕೋಚ ಬೇಡ. ಮದುವೆ ಮನೆಯಲ್ಲಿ ಹೀಗೆ ಕೇಳಿದರೆ ಚೆನ್ನಾಗಿರುವುದಿಲ್ಲ, ಮೀಟಿಂಗ್‌ಗೆ ಪರವಾಗಿಲ್ಲ.

ವಿಳಾಸವೂ ಸರಿ ಇದೆ ಅಂದರೆ ಗೂಗಲ್ ಕ್ಯಾಲೆಂಡರ್‌ನ ಸೆಟ್ಟಿಂಗ್ಸ್‌ಗೆ ಹೋಗಿ, "ಆ್ಯಡ್ ಇನ್ವಿಟೇಶನ್ಸ್ ಟು ಮೈ ಕ್ಯಾಲೆಂಡರ್" ಅನ್ನುವುದನ್ನು ಹುಡುಕಿ. ಅಲ್ಲಿ ಮೂರು ಆಯ್ಕೆಗಳಿವೆ. ಯಾರೇ ಕಳಿಸಿದರೂ ಸೇರಿಸು, ಪರಿಚಯದವರು ಕಳಿಸಿದರೆ ಮಾತ್ರ ಸೇರಿಸು, ನಾನು ಮೇಲ್‌ನಲ್ಲಿ ಉತ್ತರ ಕೊಟ್ಟಮೇಲೆ ಸೇರಿಸು. ಮೊದಲನೆಯದನ್ನು ಇಟ್ಟರೆ ಲಾಟರಿ ಹೊಡೆದಿದೆ ಅನ್ನುವ ಕಳ್ಳ ಇನ್ವೈಟ್‌ಗಳೂ ಬಂದು ಕೂರುತ್ತವೆ. ನಾನು ಎರಡನೆಯದನ್ನು ಇಟ್ಟುಕೊಂಡಿದ್ದೇನೆ. ಹೊಸಬರು ಕರೆದಾಗ ಮೇಲ್ ತೆರೆದು, ಇವರು ನನಗೆ ಗೊತ್ತು ಅಂತ ಒತ್ತಬೇಕು. ದಿನಕ್ಕೆ ಒಂದೆರಡು ಸಲ ಒತ್ತುವುದೇನೂ ಕಷ್ಟವಲ್ಲ.

ಇನ್ನೊಂದು ಸಣ್ಣ ವಿಷಯ. ಅವಸರದಲ್ಲಿ "ನೋ" ಒತ್ತಿಬಿಟ್ಟಿದ್ದೀರಾ? "ಶೋ ಡಿಕ್ಲೈನ್ಡ್ ಈವೆಂಟ್ಸ್" ಅನ್ನುವುದು ಆಫ್ ಇದ್ದರೆ ನೀವು ಬೇಡ ಅಂದ ಮೀಟಿಂಗ್ ಕಣ್ಣಿಗೇ ಬೀಳುವುದಿಲ್ಲ. ಅದನ್ನು ಆನ್ ಮಾಡಿ ನೋಡಿ. ನೀವೇ ಅಳಿಸಿದ್ದರೆ ಗೂಗಲ್ ಕ್ಯಾಲೆಂಡರ್‌ನ ಟ್ರ್ಯಾಶ್‌ನಲ್ಲಿ 30 ದಿನ ಸಿಗುತ್ತದೆ.

ಬ್ರೌಸರ್‌ನಲ್ಲಿ ಇದೆ, ಫೋನಿನಲ್ಲಿ ಇಲ್ಲ

ಇದು ಸುಲಭ, ಬೇಗ ಹೇಳಿ ಮುಗಿಸುತ್ತೇನೆ. ಆ್ಯಪ್‌ನಲ್ಲಿ ಬಲಗಡೆ ಮೇಲೆ ನಿಮ್ಮ ಚಿತ್ರ ಒತ್ತಿ, ಅದೇ ಅಕೌಂಟ್ ಇದೆಯಾ ನೋಡಿ. ಎಡಗಡೆಯ ಪಟ್ಟಿಯಲ್ಲಿ ಆ ಕ್ಯಾಲೆಂಡರ್ ಎದುರಿನ ಟಿಕ್ ಇದೆಯಾ ನೋಡಿ. ಬೇರೆಯವರು ಹಂಚಿಕೊಂಡ ಕ್ಯಾಲೆಂಡರ್ ಆದರೆ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಅದರ ಹೆಸರು ಒತ್ತಿ ಸಿಂಕ್ ಆನ್ ಮಾಡಬೇಕಾಗಬಹುದು. ಆಂಡ್ರಾಯ್ಡ್‌ನಲ್ಲಿ ಆಫೀಸಿನ ಆ್ಯಪ್‌ಗಳ ಮೇಲೆ ಪುಟ್ಟ ಸೂಟ್‌ಕೇಸ್ ಗುರುತಿದ್ದರೆ ಅದು ವರ್ಕ್ ಪ್ರೊಫೈಲ್. ಅದು ಬೇರೆಯದೇ ಮನೆ. ರಜೆ ದಿನ ಅದನ್ನು ಆಫ್ ಮಾಡಿ ಸೋಮವಾರ ಆನ್ ಮಾಡಲು ಮರೆತವರನ್ನು ನಾನು ನೋಡಿದ್ದೇನೆ.

ಆಮೇಲೆ ಫೋನಿನ ಸೆಟ್ಟಿಂಗ್ಸ್. ಅಕೌಂಟ್ಸ್‌ನಲ್ಲಿ ಆಟೊ ಸಿಂಕ್ ಆನ್ ಇರಬೇಕು. ಬ್ಯಾಟರಿ ಸೇವರ್ ಆಫ್ ಮಾಡಿ ಒಮ್ಮೆ ನೋಡಿ, ಹಿಂದುಗಡೆ ನಡೆಯುವ ಸಿಂಕ್ ಅನ್ನು ಅದು ತಡೆಹಿಡಿಯುತ್ತದೆ. ದಿನಾಂಕ ಮತ್ತು ಸಮಯ "ಆಟೊಮ್ಯಾಟಿಕ್" ಅಂತಲೇ ಇರಲಿ. ಆಟದಲ್ಲಿ ಲೈಫ್ ಬೇಗ ಸಿಗಲಿ ಅಂತ ಮಕ್ಕಳು ಫೋನಿನ ಗಡಿಯಾರ ಮುಂದೆ ಇಟ್ಟಿರುತ್ತಾರೆ, ಸಿಂಕ್ ಅಲ್ಲಿಗೆ ಕೆಟ್ಟಿತು. ಐಫೋನ್‌ನಲ್ಲಿ ಗೂಗಲ್ ಅಕೌಂಟ್ ಹಾಕಿ ಆ್ಯಪಲ್‌ನ ಕ್ಯಾಲೆಂಡರನ್ನೇ ಬಳಸುವವರು "ಫೆಚ್" ಸೆಟ್ಟಿಂಗ್ ನೋಡಿ. ಅದು ಮ್ಯಾನುಯಲ್ ಅಂತಿದ್ದರೆ ನೀವು ಕ್ಯಾಲೆಂಡರ್ ತೆರೆಯುವವರೆಗೆ ಹೊಸದು ಬರುವುದಿಲ್ಲ.

ಇಷ್ಟಕ್ಕೂ ಬಗ್ಗದಿದ್ದರೆ ಮಾತ್ರ ಆ್ಯಪ್‌ನ ಸ್ಟೋರೇಜ್ ಅಳಿಸಬಹುದು. ಅದಕ್ಕೂ ಮೊದಲು, ಫೋನಿನಲ್ಲಿ ನೀವು ಬರೆದಿಟ್ಟದ್ದೆಲ್ಲ ಬ್ರೌಸರ್‌ನಲ್ಲೂ ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ಫೋನ್ ಕಂಪನಿಯ ಕ್ಯಾಲೆಂಡರ್‌ನಲ್ಲಿ "ಮೈ ಕ್ಯಾಲೆಂಡರ್" ಅಂತಲೋ "ಫೋನ್" ಅಂತಲೋ ಇರುವ ಜಾಗದಲ್ಲಿ ಬರೆದದ್ದು ಗೂಗಲ್‌ಗೆ ಹೋಗುವುದೇ ಇಲ್ಲ. ಫೋನ್ ಹೋದರೆ ಅದೂ ಹೋಯಿತು.

ಒಂದೇ ಮೀಟಿಂಗ್ ಎರಡೆರಡು ಸಲ

ಇದಕ್ಕೆ ಹೆಚ್ಚಾಗಿ ಕಾರಣ ಜೆರಾಕ್ಸ್. ಐಸಿಎಸ್ ಫೈಲನ್ನು ಇಳಿಸಿಕೊಂಡು ಇಂಪೋರ್ಟ್ ಮಾಡಿದರೆ ಆ ಹೊತ್ತಿನ ಒಂದು ಜೆರಾಕ್ಸ್ ನಿಮ್ಮಲ್ಲಿ ಉಳಿಯುತ್ತದೆ. ಅಸಲಿ ಬದಲಾದರೂ ಇದು ಬದಲಾಗುವುದಿಲ್ಲ. ಯಾರೋ ಮೀಟಿಂಗ್ ಅನ್ನು ಡೂಪ್ಲಿಕೇಟ್ ಮಾಡಿ ಕಳಿಸಿದ್ದರೆ ಅದಕ್ಕೆ ಹೊಸ ಗುರುತಿನ ಸಂಖ್ಯೆ ಬಂದಿರುತ್ತದೆ. ಹೆಸರು ಒಂದೇ ಇದ್ದರೂ ಕ್ಯಾಲೆಂಡರ್ ಲೆಕ್ಕದಲ್ಲಿ ಅವು ಎರಡು ಬೇರೆ ಮೀಟಿಂಗ್‌ಗಳು.

ಯಾವುದನ್ನು ಅಳಿಸಬೇಕು? ಎರಡನ್ನೂ ತೆರೆದು ನೋಡಿ. ಕರೆದವರ ಹೆಸರು, ಬರುವವರ ಪಟ್ಟಿ ಇರುವುದು ಅಸಲಿ. ಪಟ್ಟಿ ಇಲ್ಲದೆ ಬೋಳಾಗಿರುವುದು ಸಾಮಾನ್ಯವಾಗಿ ನಕಲು, ಅದನ್ನು ತೆಗೆಯಿರಿ. ಎರಡರಲ್ಲೂ ಪಟ್ಟಿ ಇದ್ದರೆ ನೀವೇ ತೀರ್ಮಾನ ಮಾಡಬೇಡಿ, ಕರೆದವರನ್ನು ಕೇಳಿ.

ಲಿಂಕ್ ಹಾಕಿ ಸಬ್‌ಸ್ಕ್ರೈಬ್ ಮಾಡಿಕೊಂಡ ಕ್ಯಾಲೆಂಡರ್ ಜೆರಾಕ್ಸ್ ಅಲ್ಲ, ಅದು ಬದಲಾಗುತ್ತದೆ. ಆದರೆ ನಿಧಾನ. ಗೂಗಲ್ ಪ್ರಕಾರ 12 ಗಂಟೆವರೆಗೂ ಹಿಡಿಯಬಹುದು. ಸಂಘದ ಕಾರ್ಯದರ್ಶಿ ಮಧ್ಯಾಹ್ನ ಸಭೆಯನ್ನು ಸಂಜೆ ಆರರಿಂದ ಏಳಕ್ಕೆ ಹಾಕಿದರೆ ಈ ದಾರಿಯಲ್ಲಿ ಅದು ನಿಮಗೆ ಸಭೆ ಮುಗಿದಮೇಲೆ ತಿಳಿಯಬಹುದು. ಅಂಥದ್ದಕ್ಕೆ ಇನ್ವೈಟೇ ಬೇಕು.

ವಾರವಾರ ನಡೆಯುವ ಮೀಟಿಂಗ್ ಇಡುವವರಿಗೆ ಒಂದು ಕೋರಿಕೆ. ಎರಡು ವರ್ಷದ ಹಳೆಯ ಸರಣಿಯನ್ನು ಪ್ರತಿ ವಾರ ಒಂದೊಂದು ದಿನ ತಿದ್ದಿ ತಿದ್ದಿ ಎಳೆಯಬೇಡಿ. ಇಷ್ಟೊಂದು ತಿದ್ದುಪಡಿಗಳು ಗೂಗಲ್‌ನಿಂದ ಔಟ್‌ಲುಕ್‌ಗೆ ದಾಟುವಾಗ ಒಂದಲ್ಲ ಒಂದು ತಪ್ಪಿಹೋಗುತ್ತದೆ. ಯಾರದೋ ಕ್ಯಾಲೆಂಡರ್‌ನಲ್ಲಿ ಹಳೆಯ ಸಮಯ ದೆವ್ವದ ಹಾಗೆ ಉಳಿಯುತ್ತದೆ. ಹಳೆಯದನ್ನು ಮುಗಿಸಿ ಹೊಸದಾಗಿ ಇಡಿ, ಅದಕ್ಕೊಂದು ಕೊನೆಯ ದಿನಾಂಕ ಹಾಕಿ.

ಒಂದು ಗಂಟೆ ಆಚೀಚೆ ಆಗಿದೆಯಾ?

ಹಾಗಿದ್ದರೆ ಸಿಂಕ್ ಅನ್ನು ಬೈಯಬೇಡಿ. ನಾನು ಬೈದು ಪೆಚ್ಚಾಗಿದ್ದೇನೆ.

ನ್ಯೂಯಾರ್ಕ್‌ನವರು ಅಲ್ಲಿಯ ಬೆಳಿಗ್ಗೆ 11ಕ್ಕೆ ಇಟ್ಟ ವಾರದ ಕಾಲ್ ಅದು. ಬೇಸಿಗೆಯೆಲ್ಲ ನಮಗೆ ರಾತ್ರಿ 8.30ಕ್ಕೆ ಬರುತ್ತಿತ್ತು. ನಾನು ಜಾಣತನ ಮಾಡಿ, ಮರೆಯಬಾರದು ಅಂತ 8.30ಕ್ಕೆ ನನ್ನದೇ ಒಂದು ಎಂಟ್ರಿ ಬರೆದಿಟ್ಟುಕೊಂಡಿದ್ದೆ. ನವೆಂಬರ್‌ನ ಒಂದು ರಾತ್ರಿ ಊಟ ಬಿಟ್ಟು ಕೂತಿದ್ದೇ ಬಂತು, ಒಬ್ಬರೂ ಬರಲಿಲ್ಲ. ಕ್ಯಾಲೆಂಡರ್ ಕೆಟ್ಟಿದೆ ಅಂತ ಮನೆಯವರ ಹತ್ತಿರ ಗೊಣಗಿದೆ. ಅಸಲಿ ಇನ್ವೈಟ್ ತೆರೆದು ನೋಡಿದರೆ ಅದರಲ್ಲಿ 9.30 ಅಂತ ಸರಿಯಾಗೇ ಇತ್ತು. ನನ್ನ ಜೆರಾಕ್ಸ್ ಮಾತ್ರ 8.30ರಲ್ಲೇ ನಿಂತಿತ್ತು.

ನಮ್ಮ ಗಡಿಯಾರ ವರ್ಷವಿಡೀ ಒಂದೇ, ಯುಟಿಸಿ ಅನ್ನುವ ಜಾಗತಿಕ ಮಾನಕ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ಅಮೆರಿಕದ ಹೆಚ್ಚಿನ ಕಡೆ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ನವೆಂಬರ್‌ನ ಮೊದಲ ಭಾನುವಾರ ಹಿಂದಿಡುತ್ತಾರೆ. 2026ರಲ್ಲಿ ಆ ಭಾನುವಾರ ಸರಿಯಾಗಿ ನವೆಂಬರ್ 1, ನಮ್ಮ ರಾಜ್ಯೋತ್ಸವದ ದಿನವೇ. ಯುರೋಪಿನವರು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರಗಳಲ್ಲಿ ಹೀಗೆ ಮಾಡುತ್ತಾರೆ. ಹಾಗಾಗಿ ಮಾರ್ಚ್‌ನಲ್ಲಿ ಎರಡು ಮೂರು ವಾರ, ಅಕ್ಟೋಬರ್ ಕೊನೆಯಲ್ಲಿ ಒಂದು ವಾರ, ಲಂಡನ್ ಮತ್ತು ನ್ಯೂಯಾರ್ಕ್ ಎರಡೂ ಕಡೆಯವರಿರುವ ಕಾಲ್‌ಗಳಲ್ಲಿ ಗೊಂದಲವೋ ಗೊಂದಲ.

ಇಲ್ಲಿ ನೋಡಬೇಕಾದದ್ದು ಒಂದೇ: ಸರಣಿಯನ್ನು ಯಾವ ಊರಿನ ಟೈಮ್ ಝೋನ್‌ನಲ್ಲಿ ಇಟ್ಟಿದ್ದಾರೆ? ನ್ಯೂಯಾರ್ಕ್ ಝೋನ್‌ನಲ್ಲಿದ್ದರೆ ನಮ್ಮ ಸಮಯ ಓಡಾಡುತ್ತದೆ. ನಮ್ಮ ಝೋನ್‌ನಲ್ಲಿದ್ದರೆ ಅವರದು ಓಡಾಡುತ್ತದೆ. ಯಾರು ಒದ್ದಾಡಬೇಕು ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ. ಮೇಲ್‌ನಲ್ಲಿ ಬರೀ "ಐಎಸ್‌ಟಿ" ಅಂತ ಬರೆಯುವುದೂ ಸಾಲದು. ಇಸ್ರೇಲ್‌ನವರಿಗೂ ಐರ್ಲೆಂಡ್‌ನವರಿಗೂ ಅವರದೇ ಐಎಸ್‌ಟಿ ಇದೆ.

ಅಂದಹಾಗೆ, ವಿಂಡೋಸ್‌ನಲ್ಲಿ ಟೈಮ್ ಝೋನ್ ಆರಿಸಲು ಹೋಗಿ ಬೆಂಗಳೂರನ್ನು ಹುಡುಕಬೇಡಿ. ಚೆನ್ನೈ, ಕೋಲ್ಕತ್ತ, ಮುಂಬೈ, ನವದೆಹಲಿ ಅಂತಿದೆ. ಇಷ್ಟೆಲ್ಲ ಸಾಫ್ಟ್‌ವೇರ್ ಬರೆದ ಊರಿಗೆ ಆ ಸಾಲಿನಲ್ಲಿ ಜಾಗ ಇಲ್ಲ. ಬೇಜಾರಾದರೂ ಅದನ್ನೇ ಆರಿಸಿ.

ಆಫೀಸಿನ ಐಟಿಯವರಿಗೆ ಹೇಳುವಾಗ

ಕೆಲವು ತೊಂದರೆ ನಮ್ಮ ಕೈಯಲ್ಲಿ ಇರುವುದಿಲ್ಲ. ಹೊರಗಿನವರ ಇನ್ವೈಟ್‌ಗಳನ್ನು ಕಂಪನಿಯ ಮೇಲ್ ಫಿಲ್ಟರ್ ತಡೆದಿರಬಹುದು. ಸಾಹೇಬರ ಕ್ಯಾಲೆಂಡರನ್ನು ಅವರೂ ಅವರ ಸಹಾಯಕರೂ ಬೇರೆ ಬೇರೆ ಆ್ಯಪ್‌ಗಳಿಂದ ನೋಡಿಕೊಳ್ಳುತ್ತಿದ್ದರೆ ಒಬ್ಬರು ಒಪ್ಪಿದ್ದನ್ನು ಇನ್ನೊಬ್ಬರು ಅಳಿಸಿರಬಹುದು. ಇನ್ವೈಟ್‌ಗೆ ಉತ್ತರ ಕೊಡುವವರು ಒಬ್ಬರೇ ಇರಲಿ, ಒಂದೇ ಆ್ಯಪ್‌ನಿಂದ ಇರಲಿ.

ಐಟಿಯವರಿಗೆ "ಸಿಂಕ್ ಆಗ್ತಿಲ್ಲ" ಅಂತ ಒಂದು ಸಾಲು ಬರೆದರೆ ಅವರು ಹತ್ತು ಪ್ರಶ್ನೆ ಕೇಳುತ್ತಾರೆ, ಸಂಜೆ ಆಗುತ್ತದೆ. ಹೀಗೆ ಬರೆಯಿರಿ: "ಹೊರಗಿನ ಕ್ಲೈಂಟ್ ಇಟ್ಟ ಮೀಟಿಂಗ್. ಆಫೀಸ್ ವಿಳಾಸಕ್ಕೇ ಇನ್ವೈಟ್ ಬಂದಿದೆ. ಮೊದಲ ಇನ್ವೈಟ್ ಸರಿಯಾಗಿ ಬಂದಿತ್ತು, ಮಂಗಳವಾರ ಸಮಯ ಬದಲಿಸಿದ ಮೇಲ್ ಬಂದರೂ ಕ್ಯಾಲೆಂಡರ್ ಬದಲಾಗಿಲ್ಲ. ಬ್ರೌಸರ್‌ನಲ್ಲೂ ಹಳೆಯ ಸಮಯವೇ ಇದೆ." ಜೊತೆಗೆ ಬ್ರೌಸರ್ ಮತ್ತು ಫೋನ್ ಎರಡರ ಸ್ಕ್ರೀನ್‌ಶಾಟ್ ಹಾಕಿ. ಇನ್ವೈಟ್ ಬಂದ ಮೇಲ್ ಇನ್‌ಬಾಕ್ಸ್‌ನಲ್ಲೇ ಇರಲಿ, ಅವರು ಮೊದಲು ಕೇಳುವುದು ಅದನ್ನೇ.